ದಪ್ಪಕ್ಷರದಲ್ಲಿ ಯಾರ ಹೆಸರು?

ತಾಳಿಕೋಟೆಯ ಪೇಟೆಯಲ್ಲಿ ನಡೆದರೆ ಅಂಗಡಿಗಿಂತ ಮೊದಲು ಬೋರ್ಡಿನ ದಪ್ಪಕ್ಷರಗಳೇ ಕಣ್ಣಿಗೆ ಬೀಳುತ್ತವೆ. ಮೊಬೈಲಿನ ಜಾಹೀರಾತಿಗೂ ಈಗ ಅಂಥವೇ ಬೇಕು. ವಸ್ತು ಯಾರದೆಂದು ಅಕ್ಷರಗಳಿಂದ ಸಾರುವ ರೂಢಿ ಈ ಸೀಮೆಗೆ ಹೊಸದೇನಲ್ಲ.

1565ರ ತಾಳಿಕೋಟೆ ಯುದ್ಧದಲ್ಲಿ ಗುಡುಗಿತೆಂದು ಹೇಳಲಾಗುವ ‘ಮಲಿಕ್-ಎ-ಮೈದಾನ್’ ತೋಪು ಇಂದು ವಿಜಯಪುರ ಕೋಟೆಯ ಬುರುಜಿನ ಮೇಲಿದೆ. ಸುಮಾರು 55 ಟನ್ ತೂಕದ ಇದನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ಯಲಾಯಿತು. ಅದರ ಮೈಮೇಲೆ ನಿಜಾಮ್ ಶಾಹನ ಹೆಸರಿದೆ. 1686ರಲ್ಲಿ ಬಿಜಾಪುರವನ್ನು ಗೆದ್ದ ಔರಂಗಜೇಬನೂ ತನ್ನ ವಿಜಯವನ್ನು ಅದರ ಮೇಲೆಯೇ ಬರೆಸಿದ. ಗಮನಾರ್ಹ ಸಂಗತಿಯೆಂದರೆ, ದೊರೆಗಳ ಜೊತೆಗೆ ಎರಕ ಹೊಯ್ದವನ ಹೆಸರೂ ಅಲ್ಲಿದೆ: ಮುಹಮ್ಮದ್ ಬಿನ್ ಹಸನ್ ರೂಮಿ.

ಬೋರ್ಡು ಬರೆಯುವ ಪೇಂಟರುಗಳೂ ಮೂಲೆಯಲ್ಲಿ ತಮ್ಮ ಹೆಸರು ಹಾಕುತ್ತಿದ್ದುದುಂಟು. ಕನ್ನಡದ ದಪ್ಪಕ್ಷರ ಸುಲಭದ್ದಲ್ಲ. ಗೆರೆ ದಪ್ಪವಾದಂತೆ ಅಕ್ಷರದೊಳಗಿನ ಖಾಲಿ ಜಾಗ ಮುಚ್ಚುತ್ತದೆ, ಕೆಳಗಿನ ಒತ್ತಕ್ಷರ ಇಕ್ಕಟ್ಟಾಗುತ್ತದೆ. ಕಂಪ್ಯೂಟರಿನಲ್ಲಿ ಈ ತೊಡಕನ್ನು ಬಿಡಿಸಿದ ಫಾಂಟುಗಳಲ್ಲಿ ಮುಂಬಯಿಯ ಏಕ್ ಟೈಪ್ ಸಂಸ್ಥೆಯ ‘ಬಾಲೂ ತಮ್ಮ’ ಒಂದು. ಆದರೆ ಅಂಥ ಫಾಂಟು ಬಳಸಿದ ಜಾಹೀರಾತಿನಲ್ಲಿ ಅಂಗಡಿಯ ಹೆಸರಷ್ಟೇ ಕಾಣುತ್ತದೆ. ತೋಪಿನ ಮೇಲೆ ರೂಮಿಗೆ ಸಿಕ್ಕ ಜಾಗ ಅಕ್ಷರ ರೂಪಿಸಿದವರಿಗೆ ಇನ್ನೂ ಸಿಕ್ಕಿಲ್ಲ.