ಮೂವತ್ತಮೂರು ಇಂಚು

ಥಾರ್ ತಗೊಂಡವರ ಮೊದಲ ಖರ್ಚು ಇನ್ಶೂರೆನ್ಸ್ ಅಲ್ಲ, ಟೈರು. ಶೋರೂಮಿನಿಂದ ಬಂದ ಟೈರು ಇನ್ನೂ ಹೊಸ ರಬ್ಬರಿನ ವಾಸನೆ ಹೊಡೆಯುತ್ತಿರುವಾಗಲೇ ಅದನ್ನು ಕಳಚಿ ಇನ್ನಷ್ಟು ದೊಡ್ಡದು, ಇನ್ನಷ್ಟು ಅಗಲದ್ದು ಹಾಕಿಸಬೇಕು ಅನ್ನೋ ತುಡಿತ ಶುರುವಾಗುತ್ತೆ. ಮಂಡ್ಯದ ಗುತ್ತಲಿನಲ್ಲಿ ನನ್ನ ಕಸಿನ್ ಒಬ್ಬ ಇದೇ ಯೋಚನೆಯಲ್ಲಿದ್ದಾನೆ. ಅವನು ವೀಕೆಂಡಿಗೆ ಸಕಲೇಶಪುರದ ಕೆಸರಿಗೆ ಇಳಿಯುವವನು, ಅವನಿಗೆ ಕಾರಣಗಳಿವೆ. ನನಗೆ ಕುತೂಹಲ ಇರೋದು ಬೇರೆ ಕಡೆ. ಅವನ ಮನೆಯಿಂದ ಕೂಗಳತೆಯಲ್ಲಿ ಅರಕೇಶ್ವರನ ಗುಡಿ, ಆ ಕಡೆ ಊರೊಳಗೇ ಸಕ್ಕರೆ ಫ್ಯಾಕ್ಟರಿ. ಈ ನೆಲದಲ್ಲಿ ಚಕ್ರ ಎಷ್ಟು ದೊಡ್ಡದಿರಬೇಕು, ಎಷ್ಟು ಅಗಲ ಇರಬೇಕು ಅನ್ನೋ ಲೆಕ್ಕಾಚಾರ ಥಾರ್ ಬರುವುದಕ್ಕೆ ಬಹಳ ಮುಂಚೆಯೇ ಶುರುವಾಗಿದೆ. ಎತ್ತು ಸತ್ತಿವೆ, ತೋಪು ಒಡೆದಿವೆ, ಆಚಾರ್ರ ಕಸುಬು ಹೋಗಿದೆ.

ಮೊದಲು ತೋಪಿನ ಕತೆ. 1791ರ ಮೇ ತಿಂಗಳು. ಲಾರ್ಡ್ ಕಾರ್ನ್‌ವಾಲಿಸ್ ಬೆಂಗಳೂರನ್ನು ಹಿಡಿದು ಶ್ರೀರಂಗಪಟ್ಟಣದ ಮೇಲೆ ಬಂದ. ಅರಕೆರೆ ಹತ್ತಿರ ನಡೆದ ಕಾಳಗವನ್ನು ಗೆದ್ದ ಕೂಡಾ. ಆದರೆ ಮಳೆ ಹಿಡಿದಿತ್ತು, ಮೇವಿಲ್ಲ, ಸೈನ್ಯದ ಎತ್ತುಗಳು ರೋಗಕ್ಕೂ ಹಸಿವಿಗೂ ಸಿಕ್ಕಿ ಸಾಯುತ್ತಿದ್ದವು. ಕೋಟೆ ಒಡೆಯಲು ತಂದಿದ್ದ ಭಾರಿ ತೋಪುಗಳನ್ನು ಎಳೆಯುವವರಿಲ್ಲದೆ ಸಿಪಾಯಿಗಳೇ ಹಗ್ಗ ಹಿಡಿದು ಕನ್ನಂಬಾಡಿವರೆಗೂ ಎಳೆದರು. ಅಲ್ಲಿಂದ ಮುಂದಕ್ಕೆ ಆಗಲಿಲ್ಲ. ಕೊನೆಗೆ ತಾನೇ ತಂದ ತೋಪುಗಳನ್ನು ತಾನೇ ಹಾಳುಗೆಡವಿ ಹಿಂದಿರುಗಿದ. ಅವನನ್ನು ಆ ಸಲ ವಾಪಸು ಕಳಿಸಿದ್ದರಲ್ಲಿ ಟಿಪ್ಪುವಿನ ಸೈನ್ಯದ ಪಾಲೆಷ್ಟೋ ಮಂಡ್ಯ ಸೀಮೆಯ ಕೆಸರಿನ ಪಾಲೂ ಅಷ್ಟೇ ಅಂತ ನನ್ನ ಅಂದಾಜು. ಟಿಪ್ಪುವಿನ ಹತ್ತಿರ ಅಮೃತಮಹಲ್ ಎತ್ತುಗಳಿದ್ದವು. ಆ ತಳಿಯನ್ನು ತೋಪು, ಸಾಮಾನು ಎಳೆಯುವುದಕ್ಕೆಂದೇ ಮೈಸೂರು ಸರ್ಕಾರ ತಲೆಮಾರುಗಳಿಂದ ಸಾಕಿಕೊಂಡು ಬಂದಿತ್ತು. ಆ ಕಾಲದ ಫೋರ್‌ವೀಲ್ ಡ್ರೈವ್ ಅನ್ನಿ.

ಭಾರ ಹೊತ್ತ ಚಕ್ರ ಒದ್ದೆ ನೆಲದಲ್ಲಿ ಯಾಕೆ ಹೂತುಕೊಳ್ಳುತ್ತೆ? ನೆಲಕ್ಕೆ ತಾಗುವ ಜಾಗ ಸಣ್ಣದಾದಷ್ಟೂ ಅಲ್ಲಿ ಒತ್ತಡ ಜಾಸ್ತಿ. ಅದನ್ನು ಕಡಿಮೆ ಮಾಡೋಕೆ ದಾರಿ ಎರಡೇ. ಚಕ್ರದ ಎತ್ತರ ಹೆಚ್ಚಿಸಬೇಕು, ಇಲ್ಲ ಅಗಲ ಹೆಚ್ಚಿಸಬೇಕು. ನಮ್ಮ ಹಳೇ ಎತ್ತಿನಗಾಡಿ ಮೊದಲನೇ ದಾರಿ ಹಿಡಿದಿತ್ತು. ಗಾಡಿಯ ಪಕ್ಕ ನಿಂತರೆ ಚಕ್ರ ಎದೆಮಟ್ಟಕ್ಕೆ ಬರುತ್ತಿತ್ತು. ನಾಲ್ಕೂವರೆ ಅಡಿ ಅಂತ ಹಿಡಿದರೂ 54 ಇಂಚು. ಆಫ್‌ರೋಡ್ ಹುಡುಗರು ಎದೆಯುಬ್ಬಿಸಿ ಹೇಳುವ 'ಥರ್ಟಿತ್ರೀಸ್' ಅಂದರೆ 33 ಇಂಚು. ನಮ್ಮ ಮುತ್ತಾತಂದಿರು ಕೇಳಿದ್ದರೆ ನಗುತ್ತಿದ್ದರು.

ಆ ಚಕ್ರ ಮಾಡೋದು ನೋಡಿದವರು ಈಗ ಕಡಿಮೆ. ನಡುವಿನ ಗುಂಬಕ್ಕೆ ಕರಿಜಾಲಿಯಂಥ ಗಟ್ಟಿ ಮರ. ಅದಕ್ಕೆ ಅರೆಕಾಲು ಬಡಿದು, ಸುತ್ತ ಬಾಗಿದ ಮರದ ತುಂಡುಗಳನ್ನು ಒಂದಕ್ಕೊಂದು ಕೂರಿಸಿ ವೃತ್ತ ಮಾಡೋರು ಆಚಾರ್ರು. ಆಮೇಲೆ ಕಮ್ಮಾರನ ಸರದಿ. ಚಕ್ರದ ಸುತ್ತಳತೆಗಿಂತ ಒಂಚೂರು ಕಮ್ಮಿ ಇರುವ ಹಾಗೆ ಕಬ್ಬಿಣದ ಪಟ್ಟಿಯ ಬಳೆ ಮಾಡಿ, ಬೆರಣಿ ಬೆಂಕಿಯಲ್ಲಿ ಕೆಂಪಗೆ ಕಾಯಿಸಿ, ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಮರದ ಮೇಲೆ ಕೂರಿಸಿ ಬಡಿದು ನೀರು ಸುರಿಯುತ್ತಿದ್ದರು. ಕಾದಾಗ ಹಿಗ್ಗಿದ್ದ ಕಬ್ಬಿಣ ಕುಗ್ಗಿ ಮರವನ್ನು ಅಮುಕಿ ಹಿಡಿಯುತ್ತೆ. ಒಂದು ಮೊಳೆ ಇಲ್ಲದಿದ್ದರೂ ನಡೆಯುತ್ತೆ. ಬೇಸಿಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದರೆ ಚಕ್ರವನ್ನು ಕೆರೆನೀರಿನಲ್ಲಿ ನೆನೆಹಾಕಿದರೆ ಮರ ಮತ್ತೆ ಉಬ್ಬಿಕೊಳ್ಳುತ್ತಿತ್ತು. ಪಂಕ್ಚರ್ ಅಂಗಡಿಗೆ ಬದಲು ಕೆರೆ!

ಇದರ ಕಷ್ಟ ಇದ್ದದ್ದು ಅಗಲದಲ್ಲಿ. ಪಟ್ಟಿ ಎರಡು ಇಂಚಿನ ಆಸುಪಾಸು ಅಷ್ಟೇ. ಕಬ್ಬಿಣ ನೆಲವನ್ನು ಚಾಕುವಿನ ಥರ ಕೊಯ್ಯುತ್ತಿತ್ತು. ಮಳೆಗಾಲದಲ್ಲಿ ಬಿದ್ದ ಗಾಡಿ ಜಾಡು ಬೇಸಿಗೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟರೆ ಮುಂದಿನ ಗಾಡಿಯೂ ಅದೇ ಜಾಡಿನಲ್ಲೇ ಹೋಗಬೇಕು. ಇದು ನಮ್ಮೂರಿನ ತಕರಾರು ಮಾತ್ರ ಅಲ್ಲ. ಇಂಗ್ಲೆಂಡಿನಲ್ಲಿ 1753ರಲ್ಲೇ ಇದಕ್ಕೆ ಕಾನೂನು ಬಂತು. ರಸ್ತೆ ಹಾಳಾಗದ ಹಾಗೆ ಭಾರದ ಗಾಡಿಗಳ ಚಕ್ರ ಒಂಬತ್ತು ಇಂಚು ಅಗಲ ಇರಬೇಕು ಅಂತ. ವಾಹನದ ಟೈರಿನ ಅಳತೆಗೆ ಸರ್ಕಾರ ತಲೆ ಹಾಕೋದು ಹೊಸದೇನಲ್ಲ ಅನ್ನೋದಕ್ಕೆ ಇದನ್ನು ಹೇಳಿದೆ, ಮುಂದೆ ಬೇಕಾಗುತ್ತೆ.

ಕಾರ್ನ್‌ವಾಲಿಸ್ ತೋಪು ಬಿಟ್ಟುಹೋದ ಅದೇ ಕನ್ನಂಬಾಡಿಯಲ್ಲಿ 1911ರಲ್ಲಿ ಅಣೆಕಟ್ಟಿನ ಕೆಲಸ ಶುರುವಾಯಿತು. 1930ರ ದಶಕದ ಆರಂಭಕ್ಕೆ ಹುಲಿಕೆರೆ ಸುರಂಗ ದಾಟಿ ಇರ್ವಿನ್ ನಾಲೆಯಲ್ಲಿ, ಅಂದರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ಮಂಡ್ಯಕ್ಕೆ ನೀರು ಬಂತು. ರಾಗಿ ಹೊಲ ಕಬ್ಬಿನ ಗದ್ದೆಯಾಯಿತು. ಕೃಷಿ ಇಲಾಖೆಯ ನಿರ್ದೇಶಕರಾಗಿದ್ದ ಲೆಸ್ಲಿ ಕೋಲ್ಮನ್ ಅವರ ಒತ್ತಾಸೆಯಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಆರು ವರ್ಷಕ್ಕೆ, 1939ರಲ್ಲಿ, ಮಂಡ್ಯ ಪ್ರತ್ಯೇಕ ಜಿಲ್ಲೆಯೇ ಆಯಿತು. ಇಲ್ಲಿವರೆಗೂ ಎಲ್ಲರಿಗೂ ಗೊತ್ತಿರುವ ಕತೆ. ನಾವು ಮರೆಯೋದು ಏನಂದ್ರೆ, ಕಬ್ಬು ರಾಗಿಯಲ್ಲ. ಅದನ್ನು ಕಡಿದ ಮೇಲೆ ಬೇಗ ಅರೆಯಬೇಕು, ತಡವಾದಷ್ಟೂ ರಸ ಒಣಗಿ ತೂಕ, ಸಕ್ಕರೆ ಎರಡೂ ಇಳಿಯುತ್ತೆ. ಜೊತೆಗೆ ಅದು ನಿಂತಿರೋದು ನೀರು ಕಟ್ಟಿದ ಗದ್ದೆಯಲ್ಲಿ. ಎರಡು ಇಂಚಿನ ಕಬ್ಬಿಣದ ಪಟ್ಟಿಯ ಗಾಡಿ ಅಲ್ಲಿಗೆ ಇಳಿದರೆ ಗುಂಬದವರೆಗೂ ಹೂತು ಹೋಗುತ್ತೆ.

ಉತ್ತರ ಬಂದದ್ದು ರಬ್ಬರಿನಿಂದ. ಗಾಳಿ ತುಂಬಿದ ಟೈರಿಗೆ ರಾಬರ್ಟ್ ಥಾಮ್ಸನ್ 1845ರಲ್ಲೇ ಪೇಟೆಂಟ್ ತಗೊಂಡಿದ್ದ. ಯಾರೂ ಕೇಳಲಿಲ್ಲ. 1888ರಲ್ಲಿ ಜಾನ್ ಡನ್ಲಪ್ ಮಗನ ಸೈಕಲ್ಲಿಗಾಗಿ ಮಾಡಿದ್ದು ಜಗತ್ತನ್ನೇ ಹಿಡಿಯಿತು. ಬಂಗಾಳದ ಸಾಹಾಗಂಜ್‌ನಲ್ಲಿ 1936ರಲ್ಲಿ ಡನ್ಲಪ್ ಕಾರ್ಖಾನೆ ಬಂತು. ಎತ್ತಿನ ಗಾಡಿಗೆಂದೇ ಟೈರು, ಉಕ್ಕಿನ ಅಚ್ಚು, ಬೇರಿಂಗು ಬಂದವು. ಟೈರ್ ಉದ್ಯಮದಲ್ಲಿ ಇವತ್ತಿಗೂ ಅದಕ್ಕೆ ಎ.ಡಿ.ವಿ. ಟೈರು ಅಂತ ಹೆಸರು, ಪ್ರಾಣಿ ಎಳೆಯುವ ವಾಹನದ ಟೈರು ಅಂತ. ದೇಶದ ಎಷ್ಟೋ ಕಡೆ ಗಾಡಿಗೇ 'ಡನ್ಲಪ್' ಅಂತ ಹೆಸರು ಬಿತ್ತು. ನಮ್ಮ ಕಡೆ ಟೈರ್‌ಗಾಡಿ. ಹೊಸ ಟೈರು ಕೊಳ್ಳಲು ಆಗದವರು ಲಾರಿಯ ಹಳೇ ಟೈರು, ಹಳೇ ಅಚ್ಚು ತಂದು ಕೂರಿಸಿಕೊಂಡರು. ಆಫ್ಟರ್‌ಮಾರ್ಕೆಟ್ ಮಾಡಿಫಿಕೇಶನ್ ಅಂತೀವಲ್ಲ, ಮಂಡ್ಯದಲ್ಲಿ ಅದರ ಆರಂಭ ಇಲ್ಲಿಂದ.

ಗಮನಿಸಿ, ಟೈರ್‌ಗಾಡಿಯ ಚಕ್ರ ಹಳೆಯದಕ್ಕಿಂತ ಚಿಕ್ಕದು. ಎತ್ತರ ಅರ್ಧಕ್ಕರ್ಧ ಇಳಿಯಿತು, ಅಗಲ ಎರಡು ಮೂರು ಪಟ್ಟು ಏರಿತು. ಹೇರು ಹತ್ತಿರಹತ್ತಿರ ದುಪ್ಪಟ್ಟಾಯಿತು. ಎರಡನ್ನೂ ಓಡಿಸಿರುವ ನಮ್ಮ ದೊಡ್ಡಪ್ಪನನ್ನು ಕೇಳಿದೆ, ಯಾವುದು ಒಳ್ಳೇದಿತ್ತು ಅಂತ.

"ಅಯ್ಯೋ ಮಗ, ಮರದ ಗಾಡಿ ಎತ್ತಿನ ಹೆಗಲು ತಿಂತಿತ್ತು. ಟೈರ್‌ಗಾಡಿ ಬಂತು, ಈಗ ಹಗುರ ಆಯ್ತದೆ ಅಂದ್ರೆ, ನಾವು ಸುಮ್ಕಿದ್ವಾ? ಇನ್ನೊಂದು ಟನ್ ಏರುದ್ವಿ. ಇಳಿಜಾರಲ್ಲಿ ಬ್ರೇಕ್ ಎಲ್ಲದೆ? ಅಷ್ಟೂ ಭಾರ ಎತ್ತಿನ ಕತ್ತಿಗೇ ಬತ್ತಿತ್ತು."

ಇದನ್ನೇ ಬೆಂಗಳೂರಿನ ಐಐಎಂನ ಸ್ಥಾಪಕ ನಿರ್ದೇಶಕ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಹೇಳುತ್ತಾ ಬಂದಿದ್ದರು. ಎಂಬಿಎ ಹುಡುಗರನ್ನು ತಯಾರು ಮಾಡುವ ಸಂಸ್ಥೆಯ ಮುಖ್ಯಸ್ಥ ಎತ್ತಿನಗಾಡಿ ಹಿಂದೆ ಬಿದ್ದಿದ್ದಾರೆ ಅಂತ ನಕ್ಕವರಿಗೇನೂ ಕಮ್ಮಿಯಿರಲಿಲ್ಲ. ಚಕ್ರ ಒಂದನ್ನೇ ಬದಲಿಸಿದರೆ ಸಾಲದು, ನೊಗ, ಬೇರಿಂಗು, ಬ್ರೇಕು ಎಲ್ಲವನ್ನೂ ಒಟ್ಟಿಗೆ ನೋಡಬೇಕು ಅನ್ನೋದು ಅವರ ವಾದದ ತಿರುಳು. ನನಗೆ ಇಡೀ ಟೈರ್ ಚರಿತ್ರೆಯಲ್ಲಿ ಅತ್ಯಂತ ಉಪಯೋಗಿ ಮಾತು ಇದೇ ಅನ್ನಿಸುತ್ತೆ.

ಥಾರ್ ಮೇಲೆ ಲೆಕ್ಕ ಹಾಕೋಣ. 2020ರ ಥಾರ್‌ನ ಕೆಳಗಿನ ಮಾದರಿಗೆ ಬಂದದ್ದು 245/75 ಆರ್16. ಅಗಲ 245 ಮಿ.ಮೀ., ಪಕ್ಕದ ಗೋಡೆ ಅದರ ಶೇ. 75, ರಿಮ್ಮು 16 ಇಂಚು. ಒಟ್ಟು ಎತ್ತರ ಸುಮಾರು 774 ಮಿ.ಮೀ. ಅದನ್ನು ತೆಗೆದು 285/75 ಆರ್16 ಹಾಕಿದರೆ 834 ಮಿ.ಮೀ., ಅದೇ 33 ಇಂಚು. ಟೈರು 60 ಮಿ.ಮೀ. ದೊಡ್ಡದಾದರೂ ಗಾಡಿ ಏಳೋದು ಅದರ ಅರ್ಧ, 30 ಮಿ.ಮೀ. ಅಷ್ಟೇ. ಒಂದು ಸುತ್ತಿಗೆ ಶೇ. 7.75 ಹೆಚ್ಚು ದೂರ ಹೋಗುತ್ತೆ, ಹಾಗಾಗಿ ಮೀಟರ್ 80 ತೋರಿಸುವಾಗ ನಿಜವಾಗಿ 86 ದಾಟಿರುತ್ತೀರಿ. ನೆಲಕ್ಕೆ ಮುಟ್ಟುವ ಎಳೆತದ ಬಲ ಶೇ. 7ರಷ್ಟು ಕಮ್ಮಿ. ಬ್ರೇಕು ಹಳೇದೇ, ನಿಲ್ಲಿಸಬೇಕಾದ ಚಕ್ರ ಮಾತ್ರ ಭಾರ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದಾಗ ಉಜ್ಜದ ಹಾಗೆ ಲಿಫ್ಟ್ ಕಿಟ್ ಬೇರೆ. ಇಲ್ಲಿ ಹೊರೆ ಬೀಳೋದು ಎತ್ತಿನ ಕತ್ತಿಗಲ್ಲ, ಬಾಲ್ ಜಾಯಿಂಟು, ಬೇರಿಂಗು, ಕ್ಲಚ್ಚುಗಳಿಗೆ. ಅವು ಮೂಗುಪ್ರಾಣಿಗಳೂ ಅಲ್ಲ, ಸದ್ದು ಮಾಡುತ್ತವೆ.

ಎರಡನೇ ಮಹಾಯುದ್ಧದ ಜೀಪನ್ನು ನೆನೆಸಿಕೊಳ್ಳಿ. ಅದರ ಟೈರು 6.00-16. ಅಂದರೆ ಅಗಲ ಬರೀ ಆರು ಇಂಚು. ಅದರಲ್ಲೇ ಯುರೋಪಿನ ಹಿಮ, ಬರ್ಮಾದ ಕೆಸರು ದಾಟಿತು. ತೂಕ ಕಮ್ಮಿ ಇತ್ತು, ಅದು ಗುಟ್ಟು. ಕೆಸರಲ್ಲಿ ಸಿಕ್ಕಿಕೊಂಡವರಿಗೆ ದುಡ್ಡಿಲ್ಲದ ಇನ್ನೊಂದು ದಾರಿಯೂ ಇದೆ, ಗಾಳಿ ಇಳಿಸೋದು. 32 ಪಿ.ಎಸ್.ಐ. ಇದ್ದದ್ದನ್ನು 18ಕ್ಕೆ ಇಳಿಸಿದರೆ ನೆಲಕ್ಕೆ ತಾಗುವ ಜಾಗ ತಾನಾಗಿಯೇ ಹಿಗ್ಗುತ್ತೆ. ಡಾಂಬರಿಗೆ ಬಂದ ಮೇಲೆ ಮತ್ತೆ ತುಂಬಿಸೋಕೆ ಪಂಪು ಇಟ್ಟುಕೊಂಡಿರಬೇಕು, ಅಷ್ಟೇ.

ಕಾನೂನಿನ ಮಾತು ಬಾಕಿಯಿತ್ತು. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ಹೊಂದದ ಹಾಗೆ ವಾಹನ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಕೇರಳದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದನ್ನು ಎತ್ತಿಹಿಡಿಯಿತು. ಅದೇ ಕಂಪನಿಯ ಮೇಲಿನ ಮಾದರಿಗೆ ಬರುವ 255/65 ಆರ್18 ಹಾಕೋ ಅಂತ ಕಸಿನ್‌ಗೆ ಹೇಳಿದ್ದೇನೆ. 789 ಮಿ.ಮೀ. ಬರುತ್ತೆ. ಅವನಿಗೆ ಸಮಾಧಾನ ಆಗಿಲ್ಲ.

ಇನ್ನು ಮರದ ಚಕ್ರ ಎಲ್ಲಿ ಹೋಯಿತು ಅಂದರೆ, ಬೆಂಗಳೂರು–ಮೈಸೂರು ದಾರಿಯ ಹೋಟೆಲುಗಳ ಮುಂದೆ ವಾರ್ನಿಶ್ ಬಳಿಸಿಕೊಂಡು ಒರಗಿದೆ, ಕೆಲವಕ್ಕೆ ಬಲ್ಬನ್ನೂ ಸುತ್ತಿದ್ದಾರೆ. 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ ಅದೇ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಜೊತೆಗೆ ಎತ್ತಿನಗಾಡಿಗೂ ಪ್ರವೇಶ ಇಲ್ಲ. ಕಬ್ಬು ಹೊತ್ತ ಟೈರ್‌ಗಾಡಿ ಈಗ ಸರ್ವೀಸ್ ರೋಡಿನಲ್ಲಿ ಹೋಗುತ್ತೆ.