ವಾಗ್ದಾನ, ಷರತ್ತು, ವಾಪಸಾತಿ: ಇರಾಕ್ ಯುದ್ಧ ಮತ್ತು ಸ್ಪೇನಿನ ಸಮಾಜವಾದಿ ನಾಯಕ ಝಪಟೆರೊ ನಿಲುವು

ಪೀಠಿಕೆ

2004ರ ಏಪ್ರಿಲ್ 18ರಂದು, ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದ ಮರುದಿನವೇ, ಹೋಸೆ ಲೂಯಿಸ್ ರೊಡ್ರಿಗೆಸ್ ಝಪಟೆರೊ ಇರಾಕಿನಲ್ಲಿದ್ದ ಸುಮಾರು 1,300 ಸ್ಪ್ಯಾನಿಷ್ ಸೈನಿಕರನ್ನು ವಾಪಸ್ ಕರೆಸಿಕೊಳ್ಳುವುದಾಗಿ ಘೋಷಿಸಿದರು. ಅದಕ್ಕೆ ಐದು ವಾರ ಹಿಂದೆ, ಮಾರ್ಚ್ 11ರಂದು, ಮ್ಯಾಡ್ರಿಡ್‌ನ ನಾಲ್ಕು ಲೋಕಲ್ ರೈಲುಗಳಲ್ಲಿ ಬಾಂಬುಗಳು ಸಿಡಿದು 191 ಜನ ಸತ್ತಿದ್ದರು. ಮಾರ್ಚ್ 14ರ ಚುನಾವಣೆಯಲ್ಲಿ ಸಮಾಜವಾದಿ ಪಕ್ಷ ಗೆದ್ದಿತ್ತು. ಈ ಮೂರು ಘಟನೆಗಳನ್ನು ಒಂದೇ ದಾರದಲ್ಲಿ ಪೋಣಿಸಿ, ಸ್ಪೇನ್ ಭಯೋತ್ಪಾದಕರಿಗೆ ಮಣಿಯಿತು ಎಂದು ಅಂದೇ ಅನೇಕರು ತೀರ್ಪು ಕೊಟ್ಟರು. ಆ ತೀರ್ಪು ಇಂದಿಗೂ ಚಲಾವಣೆಯಲ್ಲಿದೆ.

ಕಾಲಾನುಕ್ರಮವನ್ನು ಪರಿಶೀಲಿಸಿದರೆ ಆ ತೀರ್ಪು ನಿಲ್ಲುವುದಿಲ್ಲ ಎಂಬುದು ಪ್ರಸ್ತುತ ಲೇಖನದ ವಾದ. ಝಪಟೆರೊ ನಿಲುವಿನಲ್ಲಿ ಒಂದು ಬಿರುಕು ಇದ್ದದ್ದು ನಿಜ. ಆದರೆ ಅದು ಇರುವುದು ಬೇರೆ ಕಡೆ: ತಾವೇ ಹಾಕಿಕೊಂಡಿದ್ದ ಷರತ್ತಿನ ಗಡುವು ಮುಗಿಯುವ ಮೊದಲೇ ಅವರು ನಿರ್ಧಾರ ಕೈಗೊಂಡದ್ದರಲ್ಲಿ. ಅದರಿಂದ ಏಳುವ, ಇಂಥ ನಿರ್ಧಾರ ಯಾರದ್ದಾಗಬೇಕು ಎಂಬ ಪ್ರಶ್ನೆಗೆ 2005ರ ಕಾನೂನು ಅರ್ಧ ಉತ್ತರವನ್ನಷ್ಟೇ ಕೊಟ್ಟಿತು.

ನಿಲುವು ರೂಪುಗೊಂಡ ಬಗೆ

2000ದ ಜುಲೈಯಲ್ಲಿ ಹೋಸೆ ಬೋನೊ ಅವರನ್ನು ಕೇವಲ ಒಂಬತ್ತು ಮತಗಳಿಂದ ಸೋಲಿಸಿ ಝಪಟೆರೊ ಪಕ್ಷದ ಪ್ರಧಾನ ಕಾರ್ಯದರ್ಶಿಯಾದಾಗ ಪಕ್ಷ ಸೊರಗಿತ್ತು. ಅದೇ ವರ್ಷದ ಚುನಾವಣೆಯಲ್ಲಿ ಪ್ರಧಾನಿ ಹೋಸೆ ಮರಿಯಾ ಅಜ್ನಾರ್ ಅವರ ಪಾಪ್ಯುಲರ್ ಪಾರ್ಟಿ 350 ಸ್ಥಾನಗಳಲ್ಲಿ 183ನ್ನು ಗೆದ್ದಿತ್ತು. ಸಮಾಜವಾದಿಗಳಿಗೆ ದಕ್ಕಿದ್ದು 125. ಹೀಗಾಗಿ ಇರಾಕ್ ವಿಚಾರದಲ್ಲಿ ಅಜ್ನಾರ್‌ಗೆ ಸದನದ ಬಲಕ್ಕೆ ಕೊರತೆ ಇರಲಿಲ್ಲ, ಇದ್ದದ್ದು ಜನಬೆಂಬಲದ ಕೊರತೆ. 2003ರ ಫೆಬ್ರವರಿ 15ರಂದು ಮ್ಯಾಡ್ರಿಡ್, ಬಾರ್ಸಿಲೋನಾಗಳಲ್ಲಿ ಲಕ್ಷಾಂತರ ಜನ ಬೀದಿಗಿಳಿದರು. ಸರ್ಕಾರದ್ದೇ ಆದ ಸಮಾಜಶಾಸ್ತ್ರೀಯ ಸಂಶೋಧನಾ ಕೇಂದ್ರದ ಸಮೀಕ್ಷೆಯಲ್ಲಿ ಹತ್ತರಲ್ಲಿ ಒಂಬತ್ತು ಜನ ಯುದ್ಧವನ್ನು ವಿರೋಧಿಸಿದ್ದರು. ಆದರೂ ಮಾರ್ಚ್ 16ರಂದು ಅಜ್ನಾರ್ ಅಸೋರಸ್ ದ್ವೀಪಗಳಲ್ಲಿ ಬುಷ್ ಮತ್ತು ಬ್ಲೇರ್ ಪಕ್ಕದಲ್ಲಿ ನಿಂತರು.

ಆಕ್ರಮಣದ ಕಾದಾಟದಲ್ಲಿ ಸ್ಪೇನ್ ಭಾಗವಹಿಸಲಿಲ್ಲ. ಬೇಸಿಗೆಯಲ್ಲಿ ಪೋಲೆಂಡ್ ನೇತೃತ್ವದ ಬಹುರಾಷ್ಟ್ರೀಯ ವಿಭಾಗದಡಿ ಪ್ಲಸ್ ಅಲ್ಟ್ರಾ ಬ್ರಿಗೇಡ್ ದಿವಾನಿಯಾ ಮತ್ತು ನಜಾಫ್‌ಗಳಿಗೆ ಹೋಯಿತು. ಸೇನೆಯನ್ನು ಹೊರದೇಶಕ್ಕೆ ಕಳುಹಿಸಲು ಸಂಸತ್ತಿನ ಪೂರ್ವಾನುಮತಿ ಕಡ್ಡಾಯ ಎನ್ನುವ ಕಾನೂನು ಆಗ ಇರಲಿಲ್ಲ. ಯುದ್ಧ ಘೋಷಣೆಗೆ ಸಂಸತ್ತಿನ ಒಪ್ಪಿಗೆ ಬೇಕೆಂದು ಸಂವಿಧಾನದ 63ನೇ ವಿಧಿ ಹೇಳುತ್ತದೆ, ಆದರೆ ಇಲ್ಲಿ ಯಾವ ಯುದ್ಧವನ್ನೂ ಘೋಷಿಸಿರಲಿಲ್ಲ. ಅದೇ ಬೇಸಿಗೆಯಲ್ಲಿ ಸೇನೆ ಕಳುಹಿಸುವಂತೆ ಅಮೆರಿಕದ ಕೋರಿಕೆ ಭಾರತದ ಮುಂದೆಯೂ ಇತ್ತು. ವಿಶ್ವಸಂಸ್ಥೆಯ ಸ್ಪಷ್ಟ ಆದೇಶವಿದ್ದರೆ ಮಾತ್ರ ಪರಿಶೀಲಿಸಬಹುದು ಎಂದು ವಾಜಪೇಯಿ ಸರ್ಕಾರ 2003ರ ಜುಲೈ 14ರಂದು ತಿಳಿಸಿತು. ಭಾರತ ಸೇನೆ ಕಳುಹಿಸುವ ಮುನ್ನ ಹಾಕಿದ ಇದೇ ಷರತ್ತನ್ನು ಝಪಟೆರೊ ಸೇನೆ ಹೋದ ಮೇಲೆ ಎತ್ತಿದರು.

ಅಕ್ಟೋಬರ್ 12ರ ರಾಷ್ಟ್ರೀಯ ದಿನದ ಪರೇಡ್‌ನಲ್ಲಿ ಅಮೆರಿಕದ ಧ್ವಜ ಹಾದುಹೋದಾಗ ಅವರು ಎದ್ದು ನಿಲ್ಲದೆ ಕುಳಿತೇ ಇದ್ದರು. ಆ ದೃಶ್ಯ ಹೆಚ್ಚು ನೆನಪಿನಲ್ಲಿ ಉಳಿದಿದೆಯಾದರೂ ಅಧ್ಯಯನಕ್ಕೆ ಮುಖ್ಯವಾದದ್ದು ಪಕ್ಷದ ಚುನಾವಣಾ ಪ್ರಣಾಳಿಕೆ. 2004ರ ಜೂನ್ 30ರೊಳಗೆ ಇರಾಕಿನ ಹೊಣೆಯನ್ನು ವಿಶ್ವಸಂಸ್ಥೆ ವಹಿಸಿಕೊಳ್ಳದಿದ್ದರೆ ಸೈನಿಕರು ಮನೆಗೆ ಮರಳುತ್ತಾರೆ ಎಂಬುದು ಅಲ್ಲಿನ ವಾಗ್ದಾನ. ಇರಾಕಿಗರಿಗೆ ಸಾರ್ವಭೌಮತ್ವ ಹಸ್ತಾಂತರಿಸಲು ಅಮೆರಿಕ ತಾನೇ ಗೊತ್ತುಮಾಡಿದ್ದ ದಿನಾಂಕವೂ ಅದೇ. ಬಾಂಬ್ ಸಿಡಿಯುವ ಮೊದಲೇ ಈ ವಾಗ್ದಾನ ಮತದಾರರ ಕೈ ಸೇರಿತ್ತು.

ಶರಣಾಗತಿ ವಾದದ ಪರಿಶೀಲನೆ

ಶರಣಾಗತಿ ವಾದಕ್ಕೆ ಇರುವ ಬಲವಾದ ಆಧಾರವನ್ನು ಮರೆಮಾಚುವುದು ಸರಿಯಲ್ಲ. 2003ರ ಡಿಸೆಂಬರ್‌ನಲ್ಲಿ ಜಿಹಾದಿ ವಲಯಗಳಲ್ಲಿ ಹರಿದಾಡಿದ, ಮುಂದೆ ನಾರ್ವೆಯ ರಕ್ಷಣಾ ಸಂಶೋಧನಾ ಸಂಸ್ಥೆಯ ವಿದ್ವಾಂಸರು ಬೆಳಕಿಗೆ ತಂದ ಒಂದು ಅರಬ್ಬಿ ದಾಖಲೆ, ಸ್ಪೇನ್ ಎರಡು ಮೂರು ಪೆಟ್ಟುಗಳಿಗಿಂತ ಹೆಚ್ಚನ್ನು ತಾಳಲಾರದು, ಚುನಾವಣೆಯ ಸಮಯವನ್ನು ಬಳಸಿಕೊಳ್ಳಬೇಕು ಎಂದು ಲೆಕ್ಕ ಹಾಕಿತ್ತು. ಸಮಾಜವಾದಿಗಳು ಗೆದ್ದರೆ ಸೇನೆ ವಾಪಸಾಗುವುದು ಖಚಿತ ಎಂದೂ ಅದರಲ್ಲಿತ್ತು. ದಾಳಿಕೋರರ ಉದ್ದೇಶದ ಬಗ್ಗೆ ಈ ದಾಖಲೆ ಬಹಳಷ್ಟು ಹೇಳುತ್ತದೆ. ಆದರೆ ಝಪಟೆರೊ ಉದ್ದೇಶದ ಬಗ್ಗೆ ಅದು ಹೇಳುವುದು ವಾದಕ್ಕೆ ತದ್ವಿರುದ್ಧವಾದದ್ದು: ದಾಳಿಗೆ ಮೂರು ತಿಂಗಳು ಮೊದಲೇ ಅವರ ನಿಲುವು ಶತ್ರುಗಳಿಗೂ ತಿಳಿದಷ್ಟು ಬಹಿರಂಗವಾಗಿತ್ತು.

ಮತಗಳ ಅಂಕಿಅಂಶವೂ ಗಮನಾರ್ಹ. 2000ಕ್ಕೆ ಹೋಲಿಸಿದರೆ ಪಾಪ್ಯುಲರ್ ಪಾರ್ಟಿ ಕಳೆದುಕೊಂಡದ್ದು ಸುಮಾರು 5.5 ಲಕ್ಷ ಮತ, ಸಮಾಜವಾದಿಗಳು ಹೆಚ್ಚಿಸಿಕೊಂಡದ್ದು ಸುಮಾರು 31 ಲಕ್ಷ. ಮತದಾನದ ಪ್ರಮಾಣ ಶೇ. 69ರ ಆಸುಪಾಸಿನಿಂದ ಶೇ. 76ರ ಹತ್ತಿರಕ್ಕೆ ಏರಿತು. ಹೆದರಿದ ಜನ ಸರ್ಕಾರದ ಕೈಬಿಟ್ಟರು ಎನ್ನುವುದಕ್ಕಿಂತ, ಹಿಂದೆ ಮನೆಯಲ್ಲೇ ಉಳಿದಿದ್ದವರು ಎದ್ದು ಮತಗಟ್ಟೆಗೆ ಬಂದರು ಎನ್ನುವುದು ಈ ಅಂಕಿಗಳಿಗೆ ಹೊಂದುತ್ತದೆ. ರೈಲು ಸ್ಫೋಟ ಬಾಸ್ಕ್ ಪ್ರತ್ಯೇಕತಾವಾದಿ ಸಂಘಟನೆ ಇಟಿಎಯದ್ದೇ ಕೃತ್ಯವೆಂದು ಸರ್ಕಾರ ಪಟ್ಟು ಹಿಡಿದದ್ದು ಅವರನ್ನು ಕೆರಳಿಸಿತ್ತು.

ವಾಪಸಾತಿಯ ಭರವಸೆಯಿಂದ ಸ್ಪೇನಿಗೆ ಶಾಂತಿ ಸಿಕ್ಕಿತು ಎನ್ನಲೂ ಬರುವುದಿಲ್ಲ. ಗೆದ್ದ ಮರುದಿನ ಝಪಟೆರೊ ವಾಗ್ದಾನವನ್ನು ಪುನರುಚ್ಚರಿಸಿದ್ದರು. ಆದರೂ ಏಪ್ರಿಲ್ 2ರಂದು ಮ್ಯಾಡ್ರಿಡ್–ಸೆವಿಲ್ಲೆ ಅತಿವೇಗದ ರೈಲು ಹಳಿಯ ಮೇಲೆ ಬಾಂಬ್ ಪತ್ತೆಯಾಯಿತು. ಮರುದಿನ ಲೆಗಾನೆಸ್‌ನ ಫ್ಲ್ಯಾಟೊಂದರಲ್ಲಿ ಸುತ್ತುವರಿಯಲ್ಪಟ್ಟ ಶಂಕಿತರು ತಮ್ಮನ್ನು ತಾವೇ ಸ್ಫೋಟಿಸಿಕೊಂಡಾಗ ಪೊಲೀಸ್ ಅಧಿಕಾರಿಯೊಬ್ಬರು ಸತ್ತರು.

ಗಡುವಿಗೆ ಮೊದಲೇ

ನಿಲುವಿನ ನಿಜವಾದ ದೌರ್ಬಲ್ಯ ಏಪ್ರಿಲ್ 18ರ ಘೋಷಣೆಯಲ್ಲಿದೆ. ಜೂನ್ 30ಕ್ಕೆ ಇನ್ನೂ ಹತ್ತು ವಾರಗಳಿದ್ದವು. ತಮ್ಮ ಷರತ್ತುಗಳನ್ನು ಪೂರೈಸುವಂಥ ನಿರ್ಣಯ ವಿಶ್ವಸಂಸ್ಥೆಯಲ್ಲಿ ಬರುವ ಸಂಭವವಿಲ್ಲ ಎಂಬುದು ಝಪಟೆರೊ ಕೊಟ್ಟ ಕಾರಣ. ಸೇನೆಯನ್ನು ಆದಷ್ಟು ಬೇಗ, ಸುರಕ್ಷಿತವಾಗಿ ಕರೆತರುವಂತೆ ಅವರು ರಕ್ಷಣಾ ಸಚಿವರಿಗೆ ಸೂಚಿಸಿದರು. ಆ ಸಚಿವರು, ಹಿಂದೆ ಒಂಬತ್ತು ಮತಗಳಿಂದ ಸೋತಿದ್ದ ಬೋನೊ.

ಅವಸರಕ್ಕೆ ಕಾರಣಗಳಿದ್ದವು. ಏಪ್ರಿಲ್ 4ರಂದು ಶಿಯಾ ಧರ್ಮಗುರು ಮುಕ್ತದಾ ಅಲ್ ಸದರ್‌ನ ಮೆಹದಿ ಸೇನೆ ನಜಾಫ್‌ನ ಸ್ಪ್ಯಾನಿಷ್ ನೆಲೆಯ ಮೇಲೆ ದಾಳಿ ಮಾಡಿತ್ತು. ಪುನರ್ನಿರ್ಮಾಣಕ್ಕೆಂದು ಹೋದವರು ಕಾದಾಡಬೇಕಾದ ಸ್ಥಿತಿ ಬಂದಿತ್ತು. ಮುಂದೆ ಜೂನ್ 8ರಂದು ಭದ್ರತಾ ಮಂಡಳಿ ಅಂಗೀಕರಿಸಿದ 1546ನೇ ನಿರ್ಣಯ ಝಪಟೆರೊ ಅಂದಾಜನ್ನು ಬಹುಮಟ್ಟಿಗೆ ದೃಢಪಡಿಸಿತು: ಚುನಾವಣೆಯಲ್ಲಿ ವಿಶ್ವಸಂಸ್ಥೆಗೆ ಪ್ರಮುಖ ಪಾತ್ರ ಸಿಕ್ಕಿತಾದರೂ ಸೇನಾಧಿಪತ್ಯ ಅಮೆರಿಕದ ಕೈಯಲ್ಲೇ ಉಳಿಯಿತು. ಆ ನಿರ್ಣಯಕ್ಕೆ ಸ್ಪೇನ್ ಕೂಡ ಮತ ಹಾಕಿತು.

ಆದರೂ ಅಂದಾಜು ಸರಿಯಾಗಿತ್ತು ಎಂಬುದರಿಂದ ಕ್ರಮ ಸರಿಯಾಗಿತ್ತು ಎಂದಾಗುವುದಿಲ್ಲ. ಷರತ್ತು ಹಾಕಿದವರು ಅದರ ಗಡುವಿನವರೆಗೆ ಕಾಯಬೇಕು. ಕಾದಿದ್ದರೆ ಅಂತರರಾಷ್ಟ್ರೀಯ ಕಾನೂನೇ ತಮ್ಮ ಆಧಾರ ಎಂಬ ಅವರ ಮಾತಿಗೆ ಎರಡರಷ್ಟು ತೂಕ ಬರುತ್ತಿತ್ತು. ಸ್ಪೇನಿನ ಹಿಂದೆಯೇ, ಕೆಲವೇ ದಿನಗಳಲ್ಲಿ ಹೊಂಡುರಾಸ್ ಮತ್ತು ಡೊಮಿನಿಕನ್ ಗಣರಾಜ್ಯಗಳೂ ವಾಪಸಾತಿ ಘೋಷಿಸಿದವು. ಘೋಷಣೆಯಾದ ಮೇಲಷ್ಟೇ ಝಪಟೆರೊ ಸಂಸತ್ತಿಗೆ ವಿವರಣೆ ನೀಡಿದರು. ಸಂಸತ್ತಿನಾಚೆ ನಡೆದಿದ್ದ ನಿಯೋಜನೆಯನ್ನು ಟೀಕಿಸಿದ ನಾಯಕರೇ ವಾಪಸಾತಿಯನ್ನೂ ಸಂಸತ್ತಿನಾಚೆ ನಿರ್ಧರಿಸಿದರು.

2005ರ ಕಾನೂನು

ಝಪಟೆರೊ ಅವರದು ಶಾಂತಿವಾದದ ನಿಲುವಾಗಿರಲಿಲ್ಲ. ಅದೇ 2004ರ ಜುಲೈಯಲ್ಲಿ ಅಫ್ಘಾನಿಸ್ತಾನಕ್ಕೆ ಹೆಚ್ಚುವರಿ ಪಡೆ ಕಳುಹಿಸಲು ಅವರು ಸಂಸತ್ತಿನ ಒಪ್ಪಿಗೆ ಪಡೆದರು. 2005ರ ಆಗಸ್ಟ್‌ನಲ್ಲಿ ಹೆರಾತ್ ಬಳಿ ಹೆಲಿಕಾಪ್ಟರ್ ಬಿದ್ದು 17 ಸೈನಿಕರು ಸತ್ತಾಗಲೂ ಆ ಪಡೆಯನ್ನು ವಾಪಸ್ ಕರೆಸಲಿಲ್ಲ. ಅಫ್ಘಾನ್ ಪಡೆಗೆ ಭದ್ರತಾ ಮಂಡಳಿಯ ಆದೇಶವಿತ್ತು, ಇರಾಕ್ ಆಕ್ರಮಣಕ್ಕೆ ಇರಲಿಲ್ಲ ಎಂಬುದೇ ಅವರು ಎಳೆದ ಗೆರೆ.

2005ರ ನವೆಂಬರ್ 17ರ ರಾಷ್ಟ್ರೀಯ ರಕ್ಷಣಾ ಕಾಯ್ದೆ ಈ ಗೆರೆಯನ್ನು ಶಾಸನವಾಗಿಸಿತು. ದೇಶದ ರಕ್ಷಣೆಗೆ ನೇರ ಸಂಬಂಧವಿಲ್ಲದ ಹೊರದೇಶದ ಕಾರ್ಯಾಚರಣೆಗೆ 17ನೇ ವಿಧಿಯ ಪ್ರಕಾರ ಕೆಳಮನೆಯ ಪೂರ್ವಾನುಮತಿ ಬೇಕು. 2006ರ ಲೆಬನಾನ್ ಮತ್ತು 2011ರ ಲಿಬಿಯಾ ಕಾರ್ಯಾಚರಣೆಗಳ ಬಗ್ಗೆ ಕೆಳಮನೆ ಮತ ಹಾಕಿತು. ಇದು ಆ ವಾಗ್ದಾನದ ದೊಡ್ಡ ಫಲ.

ಆದರೆ ಕಾಯ್ದೆ ಮತವನ್ನು ಕಡ್ಡಾಯ ಮಾಡಿದ್ದು ಕಳುಹಿಸುವುದಕ್ಕೆ ಮಾತ್ರ. 2009ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವೆ ಕಾರ್ಮೆ ಚಕೋನ್ ಕೊಸೊವೊದಿಂದ ಸೇನೆ ಹಿಂತೆಗೆಯುವುದಾಗಿ ಏಕಾಏಕಿ ಘೋಷಿಸಿದಾಗ ಅದು ಏಕಪಕ್ಷೀಯ ನಿರ್ಧಾರ ಎಂಬ ಆಕ್ಷೇಪ ಮಿತ್ರರಾಷ್ಟ್ರಗಳಿಂದ ಕೇಳಿಬಂತು.

ಉಪಸಂಹಾರ

ಜನರಿಗೆ ಬೇಡವಾದ ಯುದ್ಧದಿಂದ ಸೇನೆಯನ್ನು ಕರೆತರುತ್ತೇನೆ ಎಂದು ಚುನಾವಣೆಗೆ ಮೊದಲೇ ಹೇಳಿ, ಗೆದ್ದ ಮೇಲೆ ನಡೆಸಿಕೊಡುವುದು ಪ್ರಜಾಪ್ರಭುತ್ವದ ಸಹಜ ಕ್ರಮ. ದಾಳಿಯೊಂದು ನಡುವೆ ಬಂದಿತೆಂದು ಆ ವಾಗ್ದಾನವನ್ನು ಮುರಿಯುವುದೇ ಭಯೋತ್ಪಾದಕರಿಗೆ ನಮ್ಮ ನಿರ್ಧಾರದ ಕೀಲಿಕೈ ಕೊಟ್ಟಂತೆ. ಈ ಮಟ್ಟಿಗೆ ಝಪಟೆರೊ ನಿಲುವು ಸಮರ್ಥನೀಯ. ಆದರೆ ಯುದ್ಧಕ್ಕೆ ಸೇರುವುದು ಎಷ್ಟು ಗಂಭೀರವೋ ಅದರಿಂದ ಹೊರಬರುವುದೂ ಅಷ್ಟೇ ಗಂಭೀರ. ಎರಡಕ್ಕೂ ಸಂಸತ್ತಿನ ಚರ್ಚೆ ಮತ್ತು ಮತ ಬೇಕು. ಹಾಗಾದಾಗ ಮಾತ್ರ ಪಕ್ಷದ ನಾಯಕನೊಬ್ಬನ ನಿಲುವು ಇಡೀ ದೇಶದ ನಿರ್ಧಾರವಾಗುತ್ತದೆ.