ಕಿವಿಗೆ ರೆಪ್ಪೆಯಿಲ್ಲ: ಹೆಡ್‌ಫೋನಿನ ಚರಿತ್ರೆ

ಕಣ್ಣಿಗೆ ರೆಪ್ಪೆಯುಂಟು, ಕಿವಿಗೆ ಅದಿಲ್ಲ. ಬೇಡವಾದ ನೋಟವನ್ನು ಕಣ್ಣು ಮುಚ್ಚಿ ತಪ್ಪಿಸಿಕೊಳ್ಳಬಹುದು. ಬೇಡವಾದ ಶಬ್ದದಿಂದ ಹಾಗೆ ತಪ್ಪಿಸಿಕೊಳ್ಳಲಾಗದು. ಗಮನವಿಟ್ಟು ಕೇಳುವುದಕ್ಕೆ ನಮ್ಮ ಭಾಷೆಯಲ್ಲಿ ‘ಕಿವಿಗೊಡುವುದು’ ಎಂಬ ಸೊಗಸಾದ ಮಾತಿದೆ. ಕೊಡುವುದು ಎಂದ ಮೇಲೆ ಅದರಲ್ಲಿ ಕೊಡುವವನ ಒಪ್ಪಿಗೆಯೂ ಅಡಗಿದೆ. ಬಸ್ಸಿನಲ್ಲಿ ಪಕ್ಕದವನ ಮೊಬೈಲಿನಿಂದ ಹೊರಡುವ ಹಾಡನ್ನು ತುಮಕೂರಿನಿಂದ ಬೆಂಗಳೂರಿನವರೆಗೂ ಕೇಳಬೇಕಾಗಿ ಬಂದವನು ಕಿವಿಗೊಟ್ಟವನಲ್ಲ. ಅವನ ಕಿವಿಯನ್ನು ಇನ್ನೊಬ್ಬನು ಕಸಿದುಕೊಂಡಿದ್ದಾನೆ. ಈ ಜಗಳಕ್ಕೆ ಪರಿಹಾರವೆಂದು ನಾವು ಇಂದು ಹೆಡ್‌ಫೋನನ್ನು ತೋರಿಸುತ್ತೇವೆ. ಆದರೆ ಆ ಸಾಧನ ಹುಟ್ಟಿದ್ದು ನೆರೆಯವರ ಮೇಲಣ ದಾಕ್ಷಿಣ್ಯದಿಂದಲ್ಲ. ಅದು ಹುಟ್ಟಿದ್ದು ದನಿಯ ಬಡತನದಿಂದ.

1881ರಲ್ಲಿ ಪ್ಯಾರಿಸ್ಸಿನಲ್ಲಿ ವಿದ್ಯುತ್ತಿನ ದೊಡ್ಡದೊಂದು ಪ್ರದರ್ಶನ ನಡೆಯಿತು. ಅಲ್ಲಿ ಕ್ಲೆಮಾಂ ಆದೇರ್ ಎಂಬ ಎಂಜಿನಿಯರು ನಾಟಕಶಾಲೆಯ ಸಂಗೀತವನ್ನು ಟೆಲಿಫೋನಿನ ತಂತಿಯ ಮೂಲಕ ಪ್ರದರ್ಶನದ ಕೊಠಡಿಗೆ ತಂದನು. ಬಂದವರು ಎರಡು ಕಿವಿಗಳಿಗೂ ಒಂದೊಂದು ಸಾಧನವನ್ನು ಒತ್ತಿ ಹಿಡಿದುಕೊಂಡು ಕೇಳಿದರು. ಲಂಡನ್ನಿನಲ್ಲಿಯೂ 1895ರಿಂದ ‘ಎಲೆಕ್ಟ್ರೋಫೋನ್’ ಎಂಬ ಹೆಸರಿನಲ್ಲಿ ಇಂಥದೇ ವ್ಯವಸ್ಥೆ ಬಂದು, ಚಂದಾ ಕೊಟ್ಟವರು ಮನೆಯಲ್ಲೇ ಕುಳಿತು ನಾಟಕವನ್ನೂ ಚರ್ಚಿನ ಪ್ರವಚನವನ್ನೂ ಕೇಳುವಂತಾಯಿತು. ತಂತಿಯಲ್ಲಿ ಬರುತ್ತಿದ್ದ ದನಿ ಕಿವಿಗೆ ತಾಗಿಸಿಕೊಂಡರೆ ಮಾತ್ರ ಕೇಳುವಷ್ಟು ಕ್ಷೀಣವಾಗಿತ್ತು. ಅಂದಿನವರು ಕಿವಿಗೆ ಒತ್ತಿ ಹಿಡಿದುದಕ್ಕೆ ಬೇರೆ ಕಾರಣವಿಲ್ಲ.

ತಲೆಯ ಮೇಲೆ ಪಟ್ಟಿಯಿಟ್ಟು ಎರಡು ಕಿವಿಗಳನ್ನೂ ಮುಚ್ಚುವ, ಇಂದಿನ ಹೆಡ್‌ಫೋನಿನ ಪೂರ್ವಜವೆನ್ನಬಹುದಾದ ಸಾಧನವನ್ನು ರೂಪಿಸಿದವನು ಅಮೆರಿಕದ ಯೂಟಾ ಪ್ರಾಂತದ ನೆಥೇನಿಯಲ್ ಬಾಲ್ಡ್‌ವಿನ್. 1910ರಲ್ಲಿ ಅವನು ತನ್ನ ಸಾಧನವನ್ನು ಆ ದೇಶದ ನೌಕಾಪಡೆಗೆ ಕಳುಹಿಸಿದನು. ಪರೀಕ್ಷೆಯಲ್ಲಿ ಅದು ಮೇಲಾಗಿ ಕಂಡಿತು, ಬೇಡಿಕೆ ಬಂದಿತು. ಆದರೆ ಒಮ್ಮೆಗೆ ಹತ್ತರಂತೆ ಮಾತ್ರ ಕೊಡಬಲ್ಲೆನೆಂದು ಅವನು ಉತ್ತರ ಬರೆಯಬೇಕಾಯಿತು. ಏಕೆಂದರೆ ಅವನು ಅವನ್ನು ಮಾಡುತ್ತಿದ್ದುದು ತನ್ನ ಮನೆಯ ಅಡಿಗೆಮನೆಯಲ್ಲಿ!

ಮುಂದೆ ರೇಡಿಯೋ ಬಂದಿತು. ಮೊದಲ ಕಾಲದ ಬಡ ಕುಟುಂಬಗಳ ರೇಡಿಯೋ ‘ಕ್ರಿಸ್ಟಲ್ ಸೆಟ್’. ಸೀಸದ ಅದಿರಾದ ಗೆಲೀನದ ಹರಳೊಂದು ಅದರ ಜೀವಾಳ. ಇಂಥ ಹರಳಿನಿಂದ ವಿದ್ಯುತ್ ತರಂಗಗಳನ್ನು ಗುರುತಿಸುವ ಉಪಾಯಕ್ಕೆ 1904ರಲ್ಲಿ ಅಮೆರಿಕದ ಪೇಟೆಂಟು ದೊರೆತದ್ದು ನಮ್ಮ ಜಗದೀಶಚಂದ್ರ ಬೋಸರಿಗೆ ಎಂಬುದನ್ನು ಇಲ್ಲಿ ಹೆಮ್ಮೆಯಿಂದ ನೆನೆಯಬೇಕು. ಕ್ರಿಸ್ಟಲ್ ಸೆಟ್ಟಿಗೆ ಬ್ಯಾಟರಿಯೂ ಬೇಡ, ವಿದ್ಯುತ್ ಸಂಪರ್ಕವೂ ಬೇಡ. ಆಕಾಶದಿಂದ ಹಿಡಿದ ಅಲೆಯ ಶಕ್ತಿಯೇ ದನಿಯಾಗಬೇಕು. ಹೀಗಾಗಿ ಹೆಡ್‌ಫೋನಿಲ್ಲದೆ ಗತಿಯಿರಲಿಲ್ಲ. ಮನೆಯಲ್ಲಿ ಹೆಡ್‌ಫೋನು ಒಂದೇ, ಕೇಳುವವರು ನಾಲ್ವರು. ಆಗ ಅವರು ಅದನ್ನು ಪಿಂಗಾಣಿಯ ಬೋಗುಣಿಯಲ್ಲಿಟ್ಟು, ದನಿ ತುಸು ಹಿಗ್ಗಿದಾಗ ಸುತ್ತಲೂ ತಲೆ ಬಗ್ಗಿಸಿ ಕೇಳುತ್ತಿದ್ದರು. ಅಂದಿನ ಮನುಷ್ಯನ ಹಂಬಲವೆಲ್ಲ ದನಿಯನ್ನು ಹಂಚಿಕೊಳ್ಳುವುದಾಗಿತ್ತು, ಅಡಗಿಸುವುದಲ್ಲ.

ಆ ಹಂಬಲವನ್ನು ತೀರಿಸಿದ್ದು ಧ್ವನಿವರ್ಧಕ. 1920ರ ದಶಕದಲ್ಲಿ ಅದು ಸುಧಾರಿಸಿ ಮನೆಮನೆಗೂ ಬಂದ ಮೇಲೆ ಹೆಡ್‌ಫೋನು ಮೂಲೆ ಸೇರಿತು. ಮೈಸೂರಿನಲ್ಲಿ 1935ರಲ್ಲಿ ಪ್ರೊಫೆಸರ್ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿ ‘ಆಕಾಶವಾಣಿ’ಯನ್ನು ಆರಂಭಿಸಿದ ವೇಳೆಗೆ, ರೇಡಿಯೋ ಎಂದರೆ ಮನೆಮಂದಿಯೆಲ್ಲ ಸುತ್ತ ಕುಳಿತು ಕೇಳುವ ಪೆಟ್ಟಿಗೆ ಎಂಬ ಭಾವನೆ ಲೋಕದಲ್ಲಿ ನೆಲೆಗೊಂಡಿತ್ತು. ಗೋಡೆಗಳ ನಡುವೆ ಇದ್ದಷ್ಟು ದಿನ ಆ ಪೆಟ್ಟಿಗೆಯಿಂದ ಪರರಿಗೆ ತೊಂದರೆ ಹೆಚ್ಚಾಗಿರಲಿಲ್ಲ.

1947ರಲ್ಲಿ ಟ್ರಾನ್ಸಿಸ್ಟರು ಹುಟ್ಟಿತು. 1954ರಲ್ಲಿ ಅಮೆರಿಕದಲ್ಲಿ ಜೇಬಿನಲ್ಲಿಡಬಹುದಾದ ಟ್ರಾನ್ಸಿಸ್ಟರ್ ರೇಡಿಯೋ ಮಾರಾಟಕ್ಕೆ ಬಂದಿತು. ದನಿ ಮನೆಯ ಹೊಸಿಲನ್ನು ದಾಟಿತು. ಬೀದಿ, ಉದ್ಯಾನ, ಬಸ್ಸು, ರೈಲು—ಎಲ್ಲಿಗೆ ಹೋದರೂ ಒಬ್ಬನ ಇಷ್ಟದ ಹಾಡು ಹತ್ತು ಮಂದಿಯ ಪಾಲಿಗೆ ಬರತೊಡಗಿತು. ಹಿಂದೆ ದನಿ ಸಾಲದೆಂಬ ಕೊರತೆಯಿದ್ದಿತು. ಈಗ ಅದು ಹೆಚ್ಚಾಯಿತೆಂಬ ದೂರು ಹುಟ್ಟಿತು. ಹೆಡ್‌ಫೋನಿನ ಎರಡನೆಯ ಜನ್ಮ ಇಲ್ಲಿಂದ ಮೊದಲಾಗುತ್ತದೆ.

1958ರಲ್ಲಿ ಜಾನ್ ಕಾಸ್ ಎಂಬಾತನು ಸಂಗೀತಕ್ಕೆಂದೇ ಸ್ಟೀರಿಯೋ ಹೆಡ್‌ಫೋನನ್ನು ತಂದನು. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಸಂಸ್ಥೆ ಹಿಂಬದಿ ತೆರೆದಿರುವ ಹಗುರವಾದ ಮಾದರಿಯನ್ನು ಹೊರತಂದಿತು. ಕಿವಿಗೆ ಸೆಕೆಯಿಲ್ಲ, ದನಿಯೂ ಸಹಜ. ಆದರೆ ಹಿಂಬದಿ ತೆರೆದುದರಿಂದ ಒಳಗಿನ ದನಿ ಹೊರಕ್ಕೂ ಸೋರುತ್ತದೆ. ಬಳಿಕ 1979ರ ಜುಲೈಯಲ್ಲಿ ಜಪಾನಿನ ಸೋನಿ ಸಂಸ್ಥೆಯ ‘ವಾಕ್‌ಮನ್’ ಬಂದು, ನಡೆಯುವವನ ಕಿವಿಗೂ ರೈಲಿನಲ್ಲಿ ನಿಂತವನ ಕಿವಿಗೂ ಸಂಗೀತವನ್ನು ಕಟ್ಟಿಕೊಟ್ಟಿತು.

ಆ ಯಂತ್ರದ ಒಂದು ವಿವರ ನಮ್ಮ ಗಮನಕ್ಕೆ ಅರ್ಹವಾಗಿದೆ. ಸಂಸ್ಥೆಯ ಅಧ್ಯಕ್ಷರಾಗಿದ್ದ ಅಕಿಯೊ ಮೊರಿಟ ಅವರು ಅದನ್ನು ಮೊದಲು ಮನೆಗೆ ಒಯ್ದು ಕೇಳುತ್ತ ಕುಳಿತಾಗ, ತನ್ನನ್ನು ಹೊರಗಿಟ್ಟಂತಾಯಿತೆಂದು ಅವರ ಪತ್ನಿಗೆ ಬೇಸರವಾಯಿತಂತೆ. ಒಬ್ಬನೇ ಕೇಳುವುದು ಅಸೌಜನ್ಯವೆಂದು ಎಣಿಸಿ ಅವರು ಎರಡು ಹೆಡ್‌ಫೋನು ಸಿಕ್ಕಿಸಲು ಎರಡು ರಂಧ್ರಗಳನ್ನು ಇಡಿಸಿದರು. ಜೊತೆಗೆ ಕಿತ್ತಳೆ ಬಣ್ಣದ ಒಂದು ಗುಂಡಿಯನ್ನೂ ಇಡಿಸಿದರು. ಅದನ್ನು ಒತ್ತಿದರೆ ಹಾಡು ತಗ್ಗಿ, ಪಕ್ಕದವರ ಮಾತು ಕೇಳುತ್ತಿದ್ದಿತು. ಕೊಂಡವರು ಅದನ್ನು ತಮ್ಮೊಬ್ಬರದೇ ಸೊತ್ತೆಂದು ಭಾವಿಸಿದುದರಿಂದ ಮುಂದಿನ ಮಾದರಿಗಳಲ್ಲಿ ಇವೆರಡೂ ಕ್ರಮೇಣ ಮರೆಯಾದುವು. ಆದರೂ ಮೊರಿಟ ಅವರು ಎತ್ತಿದ ಪ್ರಶ್ನೆ ಸುಳ್ಳಲ್ಲ. ಸಹಪ್ರಯಾಣಿಕರ ವಿಷಯದಲ್ಲಿ ಸೌಜನ್ಯಕ್ಕೆ ಎರಡು ಮುಖಗಳಿವೆ: ನಮ್ಮ ದನಿಯನ್ನು ಅವರ ಕಿವಿಗೆ ಸುರಿಯದಿರುವುದು ಒಂದು, ಅವರ ದನಿಗೆ ನಮ್ಮ ಕಿವಿಯನ್ನು ಪೂರ್ತಿ ಮುಚ್ಚದಿರುವುದು ಇನ್ನೊಂದು.

ಮೊದಲನೆಯದರಲ್ಲಿಯೂ ವಾಕ್‌ಮನ್ ಪೂರ್ತಿ ಗೆಲ್ಲಲಿಲ್ಲ. ಅದರೊಂದಿಗೆ ಬಂದದ್ದು ಸ್ಪಂಜಿನ ಹೊದಿಕೆಯ ತೆರೆದ ಹೆಡ್‌ಫೋನು. ರೈಲಿನ ಗದ್ದಲವನ್ನು ಅದು ತಡೆಯದು. ಗದ್ದಲವನ್ನು ಮೀರಲು ಕೇಳುವವನು ದನಿಯನ್ನು ಏರಿಸುತ್ತಾನೆ. ಏರಿಸಿದಷ್ಟೂ ಸೋರಿಕೆ ಹೆಚ್ಚು. ಸೋರುವುದು ಬಹುಮಟ್ಟಿಗೆ ಕೀರಲು ದನಿಯೇ ಆದುದರಿಂದ ನೆರೆಯವನಿಗೆ ಹಾಡಿನ ಸುಖವಿಲ್ಲ, ತಾಳದ ‘ಚಿಸ್ ಚಿಸ್’ ಮಾತ್ರ ದಕ್ಕುತ್ತದೆ. ಹೀಗೆ ದನಿ ಸೋರುವುದಕ್ಕೆ ಜಪಾನೀಯರು ‘ಒತೊಮೊರೆ’ ಎಂಬ ಪದವನ್ನೇ ಬಳಸುತ್ತಾರೆ.

ಗದ್ದಲವನ್ನೇ ತಗ್ಗಿಸಿದರೆ? ಅಲೆಯ ಏರಿಗೆ ಸರಿಯಾಗಿ ಇನ್ನೊಂದು ಅಲೆಯ ಇಳಿಯನ್ನು ಕೂಡಿಸಿದರೆ ಎರಡೂ ಅಡಗುತ್ತವೆ. ಈ ತತ್ತ್ವದ ಮೇಲೆ ಪಾಲ್ ಲ್ಯೂಗ್ ಎಂಬ ಜರ್ಮನನು 1936ರಲ್ಲಿಯೇ ಅಮೆರಿಕದ ಪೇಟೆಂಟು ಪಡೆದಿದ್ದನು. ಅದನ್ನು ಹೆಡ್‌ಫೋನಿಗೆ ಇಳಿಸಿ ಜನಬಳಕೆಗೆ ತಂದವರಲ್ಲಿ ಮುಖ್ಯರು ಇನ್ನೊಬ್ಬ ಬೋಸ್, ಬಂಗಾಳ ಮೂಲದ ತಂದೆಯ ಮಗನಾಗಿ ಅಮೆರಿಕದಲ್ಲಿ ಹುಟ್ಟಿದ ಅಮರ ಬೋಸ್. 1978ರಲ್ಲಿ ವಿಮಾನದಲ್ಲಿ ಹೆಡ್‌ಫೋನು ಹಾಕಿಕೊಂಡಾಗ ಎಂಜಿನಿನ ಮೊರೆತದಲ್ಲಿ ಸಂಗೀತ ಮುಳುಗಿಹೋದುದನ್ನು ಕಂಡು, ಅವರು ಆ ಪ್ರಯಾಣದಲ್ಲೇ ಲೆಕ್ಕಾಚಾರಕ್ಕೆ ತೊಡಗಿದರು. 1989ರಲ್ಲಿ ವಿಮಾನ ನಡೆಸುವವರಿಗಾಗಿಯೂ 2000ದಲ್ಲಿ ಸಾಮಾನ್ಯ ಪ್ರಯಾಣಿಕರಿಗಾಗಿಯೂ ಅವರ ಸಂಸ್ಥೆಯ ಹೆಡ್‌ಫೋನು ಬಂದಿತು. ಒಂದೇ ಸಮನೆ ಮೊರೆಯುವ ಎಂಜಿನಿನ ದನಿಯನ್ನು ಈ ಬಗೆ ಚೆನ್ನಾಗಿ ಅಡಗಿಸುತ್ತದೆ. ಮನುಷ್ಯರ ಮಾತನ್ನು ಅಷ್ಟಾಗಿ ಅಡಗಿಸದು.

ದಿನವೂ ಬಸ್ಸಿನಲ್ಲಿ ಓಡಾಡುವವರಿಗೆ ಈ ಚರಿತ್ರೆಯಿಂದ ದೊರೆಯುವ ವಿವೇಕವಿಷ್ಟು. ಹಿಂಬದಿ ತೆರೆದ ಬಗೆ ಮನೆಗೆ ತಕ್ಕುದು, ಬಸ್ಸಿಗಲ್ಲ. ಕಿವಿಯನ್ನು ಸುತ್ತಲೂ ಮುಚ್ಚುವ ಬಗೆಯನ್ನಾಗಲಿ, ಕಿವಿಯೊಳಗೆ ರಬ್ಬರಿನ ತುದಿ ಬಿಗಿಯಾಗಿ ಕೂಡುವ ಬಗೆಯನ್ನಾಗಲಿ ಆರಿಸಿಕೊಳ್ಳಬೇಕು. ರಬ್ಬರಿನ ತುದಿ ಸಡಿಲವಾಗಿದ್ದರೆ ಹೊರಗಿನ ಗದ್ದಲ ಒಳಬಂದು ದನಿಯನ್ನು ಏರಿಸಬೇಕಾಗುವುದರಿಂದ, ಅಳತೆ ನೋಡಿ ಕೊಳ್ಳುವುದು ಮೇಲು. ಕೊಂಡ ಮೇಲೆ ಸದ್ದಿಲ್ಲದ ಕೋಣೆಯಲ್ಲಿ ಮನೆಯವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಏನಾದರೂ ಕೇಳುತ್ತದೆಯೇ ಎಂದು ವಿಚಾರಿಸಿದರಾಯಿತು. ಇದರಿಂದ ನಮ್ಮ ಕಿವಿಗೂ ಕ್ಷೇಮ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 80 ಡೆಸಿಬೆಲ್ಲಿನ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ಲಾದರೆ 4 ಗಂಟೆ ಮಾತ್ರ.

2021ರ ನವೆಂಬರಿನಲ್ಲಿ ಕರ್ನಾಟಕ ರಾಜ್ಯ ರಸ್ತೆ ಸಾರಿಗೆ ನಿಗಮದ ಬಸ್ಸುಗಳಲ್ಲಿ ಮೊಬೈಲಿನ ಹಾಡು, ವಿಡಿಯೋಗಳನ್ನು ಜೋರಾಗಿ ಹಾಕಬಾರದೆಂದೂ, ಹೇಳಿದರೂ ಕೇಳದವರನ್ನು ಬಸ್ಸಿನಿಂದ ಇಳಿಸಬಹುದೆಂದೂ ಆಜ್ಞೆಯಾಯಿತು. ಆಜ್ಞೆ ಮೊದಲನೆಯ ಸೌಜನ್ಯವನ್ನು ಕಾಯಬಲ್ಲದು. ಎರಡನೆಯದನ್ನು ಯಾವ ನಿಗಮವೂ ಕಾಯಲಾರದು. ಹೊರಗಿನ ದನಿಯನ್ನು ಬೇಕೆಂದಾಗ ಒಳಬಿಡುವ ವ್ಯವಸ್ಥೆ ಇಂದಿನ ಎಷ್ಟೋ ಹೆಡ್‌ಫೋನುಗಳಲ್ಲಿದೆ. ಮೊರಿಟ ಅವರ ಕಿತ್ತಳೆ ಗುಂಡಿಯೇ ಹೊಸ ವೇಷದಲ್ಲಿ ಮರಳಿದೆಯೆನ್ನಬಹುದು. ಆದರೆ ಗುಂಡಿಯನ್ನು ಒತ್ತಬೇಕಾದವರು ನಾವೇ. ಕಂಡಕ್ಟರು ಚೀಟಿ ಕೇಳಿದಾಗ, ಮುದುಕಿಯೊಬ್ಬಳು ‘ಇದು ಯಾವ ಊರಪ್ಪಾ?’ ಎಂದಾಗ, ಕಿವಿಯಿಂದ ಅದನ್ನು ತೆಗೆದು ಉತ್ತರ ಕೊಡುವಷ್ಟು ವ್ಯವಧಾನ ನಮಗಿರಲಿ. ಕಿವಿಗೊಡುವುದು ಎಂಬ ಮಾತಿಗೆ ಅರ್ಥ ಉಳಿಯುವುದು ಆಗಲೇ.